ಕಪ್ಪು ಡಬ್ಬಿಗಳ ಕಾಟ

ಊರು ಬಿಟ್ಟು ಬಂದ ನಮ್ಮ ಬದುಕು ಹನ್ನೊಂದು ತಿಂಗಳ ಕರಾರಿನದು. ಪುಣೆಯಲ್ಲಿ ಆರು ವರ್ಷಕ್ಕೆ ನಾಲ್ಕು ಮನೆ ಬದಲಿಸಿದ್ದೇನೆ. ಪ್ರತಿ ಸಲವೂ ಪುಸ್ತಕ, ಪಾತ್ರೆಗಳ ಲೆಕ್ಕ ಸಿಗುತ್ತದೆ. ಯಾವ ಅಡಾಪ್ಟರ್ ಯಾವುದರದು ಎಂಬ ಲೆಕ್ಕ ಮಾತ್ರ ಸಿಗುವುದಿಲ್ಲ. ರೂಟರ್, ಸೆಟ್‌ಟಾಪ್ ಬಾಕ್ಸ್, ಟ್ರಿಮ್ಮರ್, ಎಲೆಕ್ಟ್ರಾನಿಕ್ ತಂಬೂರಿ, ಅಮ್ಮನ ನೆಬ್ಯುಲೈಸರ್, ಎಲ್ಲದಕ್ಕೂ ಒಂದೊಂದು ಕಪ್ಪು ಡಬ್ಬಿ. ಈ ಅವ್ಯವಸ್ಥೆಯನ್ನು ತಯಾರಕರು ನಮ್ಮ ತಲೆಗೆ ಕಟ್ಟಿದ್ದಾರೆ, ಸರ್ಕಾರ ನೋಡಿಕೊಂಡು ಕೂತಿದೆ ಎಂಬುದೇ ನನ್ನ ತಕರಾರು.

ಮೊದಲು ಜಾಗದ ಮಾತು. ಬಾಡಿಗೆ ಕೋಣೆಯಲ್ಲಿ ಇರುವುದೇ ಎರಡು ಪ್ಲಗ್ ಪಾಯಿಂಟ್. ಎಕ್ಸ್‌ಟೆನ್ಶನ್ ಬೋರ್ಡ್ ತಂದರೆ ಒಂದು ಡಬ್ಬಿ ಪಕ್ಕದ ಸಾಕೆಟ್ಟನ್ನೂ ಮುಚ್ಚಿಕೊಂಡು ಕೂರುತ್ತದೆ. ನಾಲ್ಕಕ್ಕೆ ದುಡ್ಡು ಕೊಟ್ಟು ಎರಡನ್ನು ಬಳಸುತ್ತೇವೆ.

ಇನ್ನು ಪಿನ್ನಿನ ಮಾತು. 'ವೋಲ್ಟೇಜ್ ಬೇರೆ ಬೇರೆ, ಹಾಗಾಗಿ ಅಡಾಪ್ಟರೂ ಬೇರೆ ಇದ್ದರೇ ಸುರಕ್ಷಿತ' ಎನ್ನುತ್ತಾರೆ. ಹಾಗಿದ್ದರೆ ತಪ್ಪು ಪಿನ್ ಒಳಗೆ ಹೋಗಲೇಬಾರದಲ್ಲ? 5.5 ಮಿಲಿಮೀಟರಿನ ಅದೇ ದುಂಡು ಪಿನ್ನಿನಲ್ಲಿ 5 ವೋಲ್ಟೂ ಬರುತ್ತದೆ, 12 ಬರುತ್ತದೆ, 19ಊ ಬರುತ್ತದೆ. ಒಳತೂತು ಒಂದರಲ್ಲಿ 2.1, ಇನ್ನೊಂದರಲ್ಲಿ 2.5, ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಸೇರಬೇಕಾದದ್ದು ಸೇರುವುದಿಲ್ಲ, ಸೇರಬಾರದ್ದು ಸಲೀಸಾಗಿ ಸೇರಿ ಯಂತ್ರವನ್ನೇ ಸುಡುತ್ತದೆ.

ಕಳೆದ ಚಳಿಗಾಲ ಅಮ್ಮನ ನೆಬ್ಯುಲೈಸರಿನ ಅಡಾಪ್ಟರ್ ಸತ್ತಿತು. ಯಂತ್ರ ಗಟ್ಟಿಯಾಗಿಯೇ ಇತ್ತು. ಕಂಪನಿಯವರು ಬರೀ ಅಡಾಪ್ಟರ್ ಮಾರುವುದಿಲ್ಲವಂತೆ, ಹೊಸ ಯಂತ್ರವನ್ನೇ ಕೊಳ್ಳಬೇಕಂತೆ. ಉಬ್ಬಸ ಅಲ್ಲಿಯವರೆಗೆ ಕಾಯುತ್ತದೆಯೇ? ಮನೆಯಲ್ಲಿ ಆರು ಚಾರ್ಜರ್ ಇದ್ದೂ ಒಂದೂ ಅವಳ ಉಸಿರಿಗೆ ಒದಗಲಿಲ್ಲ.

ಪರಿಹಾರ ಇಲ್ಲವೆಂದಲ್ಲ. ಟೈಪ್-ಸಿ ಪವರ್ ಡೆಲಿವರಿಯಲ್ಲಿ ಚಾರ್ಜರ್ ಮೊದಲು ಕೊಡುವುದು 5 ವೋಲ್ಟ್ ಮಾತ್ರ. ಉಪಕರಣ ಕೇಳಿ, ಚಾರ್ಜರ್ ಒಪ್ಪಿದ ಮೇಲಷ್ಟೇ 9, 15, 20ಕ್ಕೆ ಏರುತ್ತದೆ. ಸುರಕ್ಷತೆ ಎಂದರೆ ಇದು. ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನು, ಟ್ಯಾಬ್ಲೆಟ್, ಕ್ಯಾಮೆರಾ, ಹೆಡ್‌ಫೋನುಗಳಿಗೆ ಟೈಪ್-ಸಿಯನ್ನು ಕಡ್ಡಾಯ ಮಾಡಿತು. ನಮ್ಮ ಭಾರತೀಯ ಮಾನಕ ಬ್ಯೂರೋ ಕೂಡ ಈಗಾಗಲೇ ಟೈಪ್-ಸಿಗೆ ಮಾನಕ ಪ್ರಕಟಿಸಿದೆ. ನಿಮ್ಮ ರೂಟರಿನ ಅಡಾಪ್ಟರ್ ತಿರುಗಿಸಿ ನೋಡಿ, ಐಎಸ್ 13252 ಎಂಬ ಮುದ್ರೆ ಕಂಡೀತು. ಡಬ್ಬಿ ಸುಡದಂತೆ ಕಾನೂನು ಮಾಡಬಲ್ಲವರಿಗೆ ಪಿನ್ ಒಂದೇ ಇರಲಿ ಎನ್ನಲು ಏನು ಅಡ್ಡಿ?

'ಖರ್ಚು ಹೆಚ್ಚುತ್ತದೆ' ಎಂಬ ನೆಪವನ್ನೂ ಬಲ್ಲೆ. ಪೆಟ್ಟಿಗೆಯೊಳಗೆ ಅಡಾಪ್ಟರನ್ನೇ ಇಡಬೇಕಿಲ್ಲವೆಂದಾಗ ಉಳಿಯುವ ಖರ್ಚನ್ನು ಯಾರೂ ಹೇಳುವುದಿಲ್ಲ. ಜಿಪುಣತನ ಎಲ್ಲಿಗೆ ಮುಟ್ಟಿದೆ ಎಂದರೆ, ಟೈಪ್-ಸಿ ತೂತು ಕೊಟ್ಟೂ ಒಳಗಿರಬೇಕಾದ 5.1 ಕಿಲೋ ಓಮಿನ ಎರಡು ಪುಟ್ಟ ರೆಸಿಸ್ಟರ್ ಬಿಟ್ಟುಬಿಡುವವರಿದ್ದಾರೆ. ಅಂಥ ಟ್ರಿಮ್ಮರನ್ನು ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿಗೆ ಹಾಕಿದರೆ ಜೀವವೇ ಬರುವುದಿಲ್ಲ.

ಆದ್ದರಿಂದ ಕೇಳೋಣ. ಮನೆಯ ಸಣ್ಣ ಉಪಕರಣಗಳಿಗೆಲ್ಲ, ಮೊದಲು ವೈದ್ಯಕೀಯ ಯಂತ್ರಗಳಿಗೆ, ಸರಿಯಾದ ಟೈಪ್-ಸಿ ಕಡ್ಡಾಯವಾಗಲಿ. ಅಲ್ಲಿಯತನಕ ವೋಲ್ಟ್, ಆಂಪಿಯರ್, ಧನ-ಋಣದ ಗುರುತನ್ನು ಯಂತ್ರದ ತೂತಿನ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಲಿ. ಬಿಡಿ ಅಡಾಪ್ಟರ್ ಮಾರಲಿ. ನಾವೂ ಕೊಳ್ಳುವ ಮುಂಚೆ 'ಇದಕ್ಕೆ ಯಾವ ಪಿನ್?' ಎಂದು ಕೇಳಿ, ದುಂಡು ಪಿನ್ ಎಂದರೆ ಕೆಳಗಿಟ್ಟು ಬರೋಣ. ಮಾಲು ಅಂಗಡಿಯಲ್ಲೇ ಉಳಿದರೆ ತಯಾರಕರ ಕಿವಿಗೆ ಅದು ಬೇಗ ಕೇಳಿಸುತ್ತದೆ.