ವಿಜಯನಗರವನ್ನು ಹೊತ್ತವರು

ವಿಜಯನಗರದ ಹೆಸರು ಕೇಳಿ ಎದೆಯುಬ್ಬದ ಕನ್ನಡಿಗನಿಲ್ಲ. 1336ರಲ್ಲಿ ತಲೆಯೆತ್ತಿದ ಆ ರಾಜ್ಯದ ಆರುನೂರನೆಯ ವರ್ಷದ ಸ್ಮಾರಕ ಗ್ರಂಥವು 1936ರಲ್ಲಿ ಧಾರವಾಡದಿಂದ ಹೊರಟಿತು. ಹರಿದು ಹಂಚಿಹೋಗಿದ್ದ ನಾಡಿಗೆ ಆ ನೆನಪೇ ಏಕೀಕರಣದ ಬಲವಾಯಿತು. ಆದರೆ ನಾವು ನೆನೆದುದು ಯಾರನ್ನು? ಸಿಂಹಾಸನವನ್ನು, ಗಜಶಾಲೆಯನ್ನು, ಬೀದಿಯಲ್ಲಿ ಮಾರಿದ ಮುತ್ತುರತ್ನಗಳನ್ನು. ಆ ವೈಭವವನ್ನು ಹೆಗಲ ಮೇಲೆ ಹೊತ್ತವರ ಮಾತನ್ನೆತ್ತಿದವರು ವಿರಳ.

ಸಾಕ್ಷಿಗಳಿಗೇನೂ ಕೊರತೆಯಿಲ್ಲ. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು, ನಗರದ ಕಾವಲಿಗೆ 12,000 ಜನರಿದ್ದರೆಂದೂ ಅವರ ಸಂಬಳವು ವೇಶ್ಯಾವಾಟಿಕೆಗಳ ಉತ್ಪನ್ನದಿಂದ ಸಲ್ಲುತ್ತಿತ್ತೆಂದೂ ಬರೆದಿದ್ದಾನೆ. ಊರಿನ ನಿದ್ದೆಯನ್ನು ಕಾಯ್ದವರ ಕೂಲಿಯು ಊರು ಕೀಳೆಂದೆಣಿಸಿದ ಹೆಣ್ಣುಮಕ್ಕಳ ಗಳಿಕೆಯಿಂದ ಬರುತ್ತಿತ್ತು!

ಕೃಷ್ಣದೇವರಾಯರ ಕಾಲದಲ್ಲಿ, 1520ರ ಸುಮಾರಿಗೆ, ಪೋರ್ತುಗೀಜ ಪಾಯೆಸನು ಒಂದು ದೊಡ್ಡ ಕೆರೆಯ ಕೆಲಸವನ್ನು ಕಣ್ಣಾರೆ ಕಂಡನು. ಹದಿನೈದಿಪ್ಪತ್ತು ಸಾವಿರ ಆಳುಗಳು ನೆಲವೇ ಕಾಣದಂತೆ ಇರುವೆಗಳ ಹಾಗೆ ಮುತ್ತಿದ್ದರಂತೆ. ಏರಿಯು ಎರಡು ಮೂರು ಸಲ ಒಡೆಯಲು, ದೈವದ ತೃಪ್ತಿಗೆಂದು ಮನುಷ್ಯರ ತಲೆಗಳನ್ನು ಕಡಿಸಿದರೆಂದು ಅವನ ಹೇಳಿಕೆ. ಈತನನ್ನು ದ್ವೇಷದ ಸಾಕ್ಷಿಯೆಂದು ತಳ್ಳಿಹಾಕುವಂತಿಲ್ಲ. ಲೋಕದಲ್ಲಿಯೇ ಇಷ್ಟು ಸಮೃದ್ಧವಾದ ಪಟ್ಟಣವಿಲ್ಲವೆಂದು ಹೊಗಳಿದವನೂ ಅವನೇ.

ಕೆಲವು ವರ್ಷಗಳ ನಂತರ ನೂನಿಜನು ಸುಂಕದ ಲೆಕ್ಕವನ್ನು ಕೊಡುತ್ತಾನೆ. ನಗರದ ಹೆಬ್ಬಾಗಿಲನ್ನು ವರ್ಷಕ್ಕೆ 12,000 ವರಹಗಳಿಗೆ ಗುತ್ತಿಗೆ ಕೊಡುತ್ತಿದ್ದರು. ಗುತ್ತಿಗೆದಾರನು ಕೇಳಿದಷ್ಟು ತೆರದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಹೊಲದಲ್ಲಿ ದುಡಿದವನಾದರೋ ಬೆಳೆಯ ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯನಿಗೆ ಅಳೆಯಬೇಕಾಗಿತ್ತು. ನಾಯಕರ ದಬ್ಬಾಳಿಕೆಯಿಂದ ಸಾಮಾನ್ಯರು ಬಹಳ ಬಳಲುತ್ತಿದ್ದರೆಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ.

ಬಡವರಿಗೆ ಬಾಯಿಯೇ ಇರಲಿಲ್ಲವೆನ್ನಲಾಗದು. ಸದಾಶಿವರಾಯರ ಆಳಿಕೆಯಲ್ಲಿ ಕೊಂಡೋಜನೆಂಬ ಕ್ಷೌರಿಕನು ಅಳಿಯ ರಾಮರಾಯರನ್ನು ಮೆಚ್ಚಿಸಿ ತನ್ನ ಕಸುಬಿನವರ ತೆರಿಗೆಯನ್ನು ಬಿಡಿಸಿದನು. ಶಾಸನಗಳೇ ಇದನ್ನು ಸಾರುತ್ತವೆ. ಆದರೆ ವಾಚಕರು ಗಮನಿಸಬೇಕು: ಅದು ಒಡೆಯನ ಕೃಪೆ, ಪ್ರಜೆಯ ಹಕ್ಕಲ್ಲ. ಕೃಪೆಯು ಕೊಡುವವನ ಮನಸ್ಸಿನಷ್ಟು ದಿನ ಮಾತ್ರ ಬಾಳುವದು.

ಇದನ್ನು ಹೇಳಿದರೆ ವಿಜಯನಗರದ ಕೀರ್ತಿಗೆ ಕುಂದೆಂದು ಕೆಲವರು ಆಕ್ಷೇಪಿಸುವರು. ನಮಗೆ ಹಾಗೆ ತೋರುವದಿಲ್ಲ. 1565ರ ಸೋಲಿನ ತರುವಾಯ ಅರಮನೆಗಳು ಅಡಿಗಟ್ಟು ಮಾತ್ರವಾಗಿ ಉಳಿದವು. ಆಳುಗಳು ತೋಡಿದ ತುರ್ತು ಕಾಲುವೆಯು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿದೆ. ಹಾಗಾದರೆ ಕೀರ್ತಿಯಲ್ಲಿ ಯಾರ ಪಾಲು ಹೆಚ್ಚು?

ಒಂದು ಕಾಲಕ್ಕೆ ತುಂಗಭದ್ರೆಯ ಒಂದು ದಡದ ಆನೆಗೊಂದಿಯು ಹೈದರಾಬಾದಿಗೂ ಎದುರು ದಡದ ಹಂಪೆಯು ಮದರಾಸಿಗೂ ಸೇರಿ, ಒಂದೇ ರಾಜಧಾನಿಯ ನಡುವೆ ಗಡಿಯೆದ್ದಿತ್ತು. ಹಂಪೆಯು 1953ರಲ್ಲಿ ಮೈಸೂರಿಗೆ ಸೇರಿತು; 1956ರ ನವೆಂಬರ 1ರಂದು ಎರಡೂ ದಡಗಳು ಒಂದಾದವು. ನಕಾಶೆಯ ಗೆರೆ ಅಳಿಯಿತು. ಆದರೆ ಮೇಲುಕೀಳಿನ ಗೆರೆ ಉಳಿದರೆ, ಕೂಲಿಯವನು ತನ್ನ ಹಕ್ಕಿಗಾಗಿ ಕಚೇರಿಯ ಬಾಗಿಲಲ್ಲಿ ಕೈಮುಗಿದು ನಿಂತರೆ, ನಾಡು ಒಂದಾಯಿತೆಂದು ಹೇಗೆ ಹೇಳೋಣ?

ಉಪಾಧ್ಯಾಯರಲ್ಲಿ ನಮ್ಮದೊಂದು ವಿನಂತಿ. ಮಕ್ಕಳನ್ನು ಹಂಪೆಗೆ ಕರೆದೊಯ್ದಾಗ ಅರಸರ ಹೆಸರುಗಳನ್ನು ಅವಶ್ಯವಾಗಿ ಹೇಳಿರಿ. ಅನಂತರ ಆ ಕಾಲುವೆಯ ದಂಡೆಯ ಮೇಲೆ ನಿಲ್ಲಿಸಿ, ಇದನ್ನು ತೋಡಿದವರಾರೆಂದು ಕೇಳಿರಿ. ತಮ್ಮವರೂ ಈ ನಾಡನ್ನು ಕಟ್ಟಿದವರೆಂದು ಬಡವರ ಮಗುವಿಗೆ ಅಂದು ತಿಳಿಯುವದು.