ನಾಲ್ಕು ಹೆಂಡ್ರ ಮಾತು ಬಿಡ್ರಿ, ಸೋಮವಾರ ಸಂಜಿ ಮಾತು ಕೇಳ್ರಿ

ಅಮೆರಿಕಾದಿಂದ ಬಂದು ವಾರ ಆಗಿಲ್ಲ, ನೋಡ್ಲಿಕ್ಕೆ ಬಂದವ್ರದೆಲ್ಲಾ ಒಂದಽ ಪ್ರಶ್ನಿ. ಮಮ್ಮಗನ ಫೋಟೋ ಒಂದು ಸಲ ನೋಡಿ ಫೋನ್ ವಾಪಸ್ ಕೊಡ್ತಾರ, ಆಮ್ಯಾಲೆ ದನಿ ಸಣ್ಣ ಮಾಡಿ, "ಅಲ್ಲೆ ಎಲ್ಲಾ ಮಾರ್ಮನ್ ಮಂದಿನಽ ಅಂತಲ್ಲ, ಖರೇನಽ ನಾಲ್ಕು ನಾಲ್ಕು ಹೆಂಡ್ರೇನು?" ನಮ್ಮ ಸಣ್ಣ ವೈನಿಯಂತೂ ಚಹಾದ ಕಪ್ಪು ಕೈಯಾಗ ಹಿಡಕೊಂಡು ನಕ್ಕಿದ್ದಽ ನಕ್ಕಿದ್ದು.

ಎಲ್ಲಾರಿಗೂ ಕೂಡಿಸಿ ಇಲ್ಲೇ ಉತ್ತರ ಕೊಡ್ತೀನಿ. ಆ ಚರ್ಚಿನವರು ಬಹುಪತ್ನಿತ್ವ ಬಿಡ್ತೀವಿ ಅಂತ ಹೇಳಿದ್ದು 1890ರಾಗ. ಈಗ ಯಾರರೆ ಎರಡನೇದಾಕೀನ್ನ ಕಟಗೊಂಡ್ರ ಚರ್ಚಿನಿಂದಽ ಹೊರಗ ಹಾಕ್ತಾರ. ಮಾರ್ಮನ್ ಅನಬ್ಯಾಡ್ರಿ, ಚರ್ಚಿನ ಪೂರಾ ಹೆಸರು ಹೇಳ್ರಿ ಅಂತ ಅವರ ಮುಖ್ಯಸ್ಥರು 2018ರಾಗ ಕೇಳಿಕೊಂಡಾರ. ಆ ಹೆಸರು ಭಾಳ ಉದ್ದ, ನನ್ನ ನಾಲಿಗಿ ಹೊಳ್ಳಂಗಿಲ್ಲ, ಕ್ಷಮಾ ಇರಲಿ. ಮುಗೀತು ಆ ಮಾತು. ನನಗ ಹೇಳಬೇಕಾಗಿದ್ದು ಬ್ಯಾರೆ ಅದ, ಅದನ್ನ ಕೇಳಿದ ಮ್ಯಾಲೂ ನಗು ಬರ್ತದೋ ಇಲ್ಲೋ ನೋಡೋಣು.

ಮಗಳ ಬಾಣಂತನಕ್ಕ 2024ರ ಸಪ್ಟೆಂಬರ್‌ದಾಗ ಯೂಟಾ ರಾಜ್ಯದ ಪ್ರೊವೊ ಊರಿಗೆ ಹೋದೆ. ಐದೂವರಿ ತಿಂಗಳು ಇದ್ದೆ. ಮಗಳ ಮನಿಗೂ ಬಾಜೂ ಮನಿಗೂ ನಡುವ ಒಂದಽ ಗ್ವಾಡಿ. ಆ ಕಡೆ ಐದು ಮಕ್ಕಳ ಸಂಸಾರ. ಅಪ್ಪನ ಹೆಸರು ನಾ ಬರಿಯೂದಿಲ್ಲ, ಅವರ ಮನಿ ಮಾತು ಅವರನ್ನ ಕೇಳದಽ ಬರೀಲಿಕತ್ತೀನಿ, ಹೆಸರರೆ ಬಿಡೋಣು. ಆ ಊರಾಗ ಅವರ ಚರ್ಚಿಂದಽ ಬ್ರಿಗ್ಯಾಮ್ ಯಂಗ್ ಯೂನಿವರ್ಸಿಟಿ ಅದ. ಅದರ ಫುಟ್‌ಬಾಲ್ ಟೀಮಿನ ಹುಚ್ಚು ಅವಗ. ಅಲ್ಲೆ ಫುಟ್‌ಬಾಲ್ ಅಂದ್ರ ಕಾಲಿಲೆ ಒದಿಯೂದು ಕಡಿಮಿ, ಬದನೀಕಾಯಿ ಆಕಾರದ ಚೆಂಡು ಬಗಲಾಗ ಇಟಗೊಂಡು ಓಡೂದಽ ಜಾಸ್ತಿ. ಬಾಗಲಾಗ ನೀಲಿ ಝೇಂಡಾ, ಕಾರಿಗೆ ನೀಲಿ, ಸಣ್ಣ ಕೂಸಿನ ಟೊಪ್ಪಿಗಿನೂ ನೀಲಿ. ಒಂದು ಸಲ ಸ್ಟೇಡಿಯಮ್ಮಿನಿಂದ ಒಂದು ಮೊಳದಷ್ಟು ಉದ್ದದ ಸಕ್ರಿ ಹಚ್ಚಿದ ಡೋನಟ್ ತಂದು ನಮಗೂ ಕೊಟ್ಟ, ಕೂಗರ್ ಟೇಲ್ ಅಂತ ಅದರ ಹೆಸರು. ತತ್ತಿ ಇದ್ದೀತಂತ ನಾ ಮುಟ್ಟಲಿಲ್ಲ, ಅಳಿಯ ಒಬ್ಬನಽ ಮುಗಿಸಿದ.

ನವೆಂಬರ್ 9, ಶನಿವಾರ ರಾತ್ರಿ. ಅವನ ಟೀಮಿಗೂ ಯೂಟಾ ಯೂನಿವರ್ಸಿಟಿಗೂ ಮ್ಯಾಚ್. ಆ ಎರಡರ ನಡುವಿನ ಹಗೆ ನಮ್ಮ ಭಾರತ-ಪಾಕಿಸ್ತಾನದ್ದು ಇದ್ದಂಗ. ನಡುರಾತ್ರಿ ಹತ್ತಿರ ಬಂತು, ಇವರು ಹಿಂದ ಬಿದ್ದಿದ್ರು, ನಾಲ್ಕು ಸೆಕೆಂಡ್ ಉಳಿದಾಗ ಒಂದು ಒದ್ದು 22-21 ಗೆದ್ರು. ಗ್ವಾಡಿ ಆಚೆ ಅವ ಒದರಿದ ಒದರಾಟಕ್ಕ ನಮ್ಮ ಕೂಸು ಎದ್ದು ಕೂತು... ಕೂತು ಎಲ್ಲೀದು, ಹಾಸಿಗಿ ಮ್ಯಾಲಽ ಚೀರಿತು.

ಮರುದಿನ ಮುಂಜಾನೆ ನೋಡ್ತೀನಿ, ಬಿಳಿ ಅಂಗಿ, ಟೈ, ಐದೂ ಮಕ್ಕಳದು ತಲಿ ಬಾಚಿ ಚರ್ಚಿಗೆ ಹೊಂಟಾನ. ಅಲ್ಲೆ ಊರ ಚರ್ಚಿಗೆ ಪಗಾರದ ಪೂಜಾರಿ ಇಲ್ಲ, ಮಂದಿನಽ ಕೆಲಸ ಹಂಚಗೋತಾರ, ಸಣ್ಣ ಹುಡುಗರಿಗೆ ಪಾಠ ಹೇಳೂದು ಇವನ ಪಾಲಿಗೆ. ನಾ ಮಗಳ ಕೈಲೆ "ಗೆದ್ರಲ್ಲಾ, ಅಭಿನಂದನೆ" ಅಂತ ಹೇಳಿಸಿದೆ. ನಕ್ಕು ಅಂದ, "ಇವತ್ತು ಆದಿತವಾರ, ನಾಳೆ ಎಲ್ಲಾ ಹೇಳ್ತೀನಿ." ಅಷ್ಟಽ.

ಅವರ ಯೂನಿವರ್ಸಿಟಿ ಟೀಮು ಆದಿತವಾರ ಆಡೂದಽ ಇಲ್ಲ, ಎಷ್ಟು ದೊಡ್ಡ ಟೂರ್ನಮೆಂಟ್ ಇದ್ರೂ ಇಲ್ಲ. ಅಲ್ಲೇ ಆಡಿದ ಎಲೈ ಹೆರಿಂಗ್ ಅನ್ನಾವನ್ನ 1995ರಾಗ ರೇಡರ್ಸ್ ಟೀಮಿನವರು ಆರಿಸಿದ್ರು, ದೊಡ್ಡ ರೊಕ್ಕದ ಆಟ. ಅಲ್ಲೆ ಆದಿತವಾರ ಆಡಬೇಕಾಗ್ತದ ಅಂತ ಅವ ಒಲ್ಲೆ ಅಂದ. ಮುಂದ ಸಾಲ್ಯಾಗ ಗಣಿತದ ಮಾಸ್ತರ ಆದ.

ಎಲ್ಲಾರೂ ಹಂಗಽ ಅಂತ ನಾ ಹೇಳಂಗಿಲ್ಲ. 2025ರ ಫೆಬ್ರವರಿ 9, ಆದಿತವಾರ, ಸೂಪರ್ ಬೌಲ್ ಫೈನಲ್ ಇತ್ತು. ಅವತ್ತು ಸೋತ ಟೀಮಿನ ಕೋಚ್ ಆಂಡಿ ರೀಡ್ ಅದಽ ಚರ್ಚಿನಾವ, ಅದಽ ಯೂನಿವರ್ಸಿಟಿಯಾಗ ಆಡಿದಾವ. ನಮ್ಮ ಬಾಜೂದವನ ಹೆಂಡತಿ ತಮ್ಮನೂ ಅದಽ ಚರ್ಚಿನಾವ, ಅವ ಮನ್ಯಾಗ ಮಂದೀನ್ನ ಕರದು ಪಾರ್ಟಿ ಮಾಡಿದ. ಇವನ ಮನಿ ಟಿವಿ ಮಾತ್ರ ಬಂದ್ ಇತ್ತು. ತನ್ನ ನೇಮ ತನಗ, ಮಂದಿಗೆ ಉಪದೇಶ ಇಲ್ಲ.

ಇನ್ನ ಉಪವಾಸದ ಮಾತು. ದೀಪಾವಳಿ ಫರಾಳ ಕೊಡ್ಲಿಕ್ಕೆ ನವೆಂಬರ್ 3ಕ್ಕ ಹೋದೆ. ತಿಂಗಳ ಮೊದಲನೇ ಆದಿತವಾರ ಅವರು ಎರಡು ಹೊತ್ತಿನ ಊಟ ಬಿಡ್ತಾರ, ಆ ಊಟದ ರೊಕ್ಕ ಬಡವರಿಗಂತ ಕೊಡ್ತಾರ. "ಉಪವಾಸ ನೀವೊಬ್ರೇನು?" ಅಂತ ಅಕೀನ್ನ ಕೇಳಿದೆ. ಅಕಿಗೆ ನನ್ನ ಪ್ರಶ್ನಿನಽ ತಿಳೀಲಿಲ್ಲ. ಗಂಡನೂ ಮಾಡ್ಯಾನ, ದೊಡ್ಡ ಮಗನೂ ಮಾಡ್ಯಾನ. ನಮ್ಮ ಮನ್ಯಾಗ ಮೂವತ್ತು ವರ್ಷದಿಂದ ಏಕಾದಶಿ ನಂದು, ಆಸಿಡಿಟಿ ನಮ್ಮನಿಯವರದು.

ಸೋಮವಾರ ಸಂಜಿಯಂತೂ ಅವರಲ್ಲೆ ಮನಿ ಮಂದಿಗಂತಽ ಮೀಸಲು. ಚರ್ಚಿನಾಗೂ ಅವತ್ತು ಸಂಜಿಮುಂದ ಏನೂ ಇಟ್ಟಕೊಳ್ಳಂಗಿಲ್ಲ. ಆ ಸೋಮವಾರದ ನೇಮ ಆಗಿದ್ದು 1970ರಾಗ. ಅದಽ ವರ್ಷ ಅಮೆರಿಕಾದ ಟಿವಿಯಾಗ ಸೋಮವಾರ ರಾತ್ರಿ ಫುಟ್‌ಬಾಲ್ ಸುರು ಆತಂತ ಅಳಿಯ ಹೇಳಿದ, ದೇವರೂ ಚಾಷ್ಟಿ ಮಾಡ್ತಾನ. ಒಂದು ಸಲ ನಮ್ಮನ್ನೂ ಕರದಿದ್ರು. ಒಂದು ಹಾಡು, ಗ್ರಂಥದ್ದು ನಾಕು ಸಾಲು, ಒಬ್ಬೊಬ್ಬ ಹುಡುಗ ವಾರದಾಗ ಏನಾತು ಅಂತ ಹೇಳೂದು, ಆಮ್ಯಾಲೆ ಆಟ, ಕಡೀಕೆ ಸಿಹಿ. ಮೂರನೇ ಹುಡುಗಿ ಸಾಲ್ಯಾಗ ಯಾರೋ ಕಾಡಸ್ತಾರಂತ ಅಲ್ಲೇ ಹೇಳಿ ಅತ್ತಳು. ಅಪ್ಪ ಸುಮ್ಮನ ತೊಡಿ ಮ್ಯಾಲೆ ಕೂಡಿಸಿಕೊಂಡ. ಗಡಿಬಿಡಿ ಇಲ್ಲ, ಕಣ್ಣು ಫೋನಿನ ಮ್ಯಾಲೆ ಇಲ್ಲ.

ಈಗ ನಮ್ಮ ಮನಿಗೆ ಬರೋಣು. 2023ರ ನವೆಂಬರ್ 19, ಅದೂ ಆದಿತವಾರನಽ, ಅಹಮದಾಬಾದಿನಾಗ ವರ್ಲ್ಡ್ ಕಪ್ ಫೈನಲ್. ನಮ್ಮ ಪಡಸಾಲ್ಯಾಗ ಹನ್ನೆರಡು ಮಂದಿ, ನಾ ಒಲಿ ಮುಂದ ಭಜಿ ಕರೀಲಿಕತ್ತಿದ್ದೆ. ಒಳಗಿನ ಖೋಲ್ಯಾಗ ನಮ್ಮ ಅತ್ತಿಯವರು, 84 ವರ್ಷ, ಹಾಸಿಗಿ ಹಿಡಿದಿದ್ರು. "ಯಾರರೆ ಒಂದೀಟು ಬಂದು ಕೂಡ್ರಿ" ಅಂತ ಮೂರು ಸಲ ಕರದ್ರು. ಮಗ ಇಲ್ಲಿಂದಽ ಅಂದ್ರು, "ಈ ಓವರ್ ಮುಗೀಲಿ ತಡಿಯವ್ವಾ." ಓವರ್ ಮುಗೀತು, ಟ್ರಾವಿಸ್ ಹೆಡ್ 137 ಹೊಡದ, ಮ್ಯಾಚೂ ಹೋತು, ಸಿಟ್ಟಿನಾಗ ಯಾರೂ ಉಣ್ಣಲಿಲ್ಲ. ನಾ ಹೋದಾಗ ಅವರಿಗೆ ನಿದ್ದಿ ಹತ್ತಿತ್ತು. ಏನು ಹೇಳಬೇಕಂತ ಇದ್ರೋ, ಮರುದಿನ ಕೇಳಿದ್ರ ನೆನಪಿರಲಿಲ್ಲ ಅವರಿಗೆ. ಸಂಕ್ರಮಣದೊಳಗ ಹೋಗಿಬಿಟ್ರು.

ಗಂಡಸ್ರನ್ನಷ್ಟಽ ಬೈಯಂಗಿಲ್ಲ ನಾ. ಒಲಿ ಆರಿಸಿ ನಾನರೆ ಹೋಗಬಹುದಿತ್ತಲ್ಲ? ದೇವರು, ವ್ರತ, ವಯಸ್ಸಾದವರು, ಮಕ್ಕಳ ಅಭ್ಯಾಸ, ಎಲ್ಲಾ ಹೆಂಗಸರ ಖಾತೆ. ಮ್ಯಾಚ್ ಗಂಡಸರ ಖಾತೆ. ಈ ವಾಟಣಿ ಯಾವ ಶಾಸ್ತ್ರದಾಗ ಬರದದ? ತಾಟು ಟಿವಿ ಮುಂದ ಒಯ್ದು ಕೊಟ್ಟು ಕೊಟ್ಟು ನಾವಽ ಬರದೀವಿ. "ಕ್ರಿಕೆಟ್ ನಮ್ಮ ಧರ್ಮ" ಅಂತ ಎದಿ ತಟ್ಟಿಕೊಳ್ಳೋರಿಗೆ ನಾ ಕೇಳ್ತೀನಿ, ನೀವು ಮಾಡೋ ಧರ್ಮ ನಿಮ್ಮಿಂದ ಏನು ಬಿಡಿಸ್ಯದ? ಒಂದು ಓವರ್ ಬಿಡಿಸ್ಯದೇನು?

ಮಗಳು ನನ್ನ ಜೋಡಿ ವಾದ ಮಾಡಿದಳು. "ಅವ್ವಾ, ಆ ಚರ್ಚಿನಾಗ ಹೆಂಗಸರಿಗೆ ಪೌರೋಹಿತ್ಯ ಇಲ್ಲ, ಮನಿಗೆ ಯಜಮಾನ ಅಪ್ಪನಽ ಅಂತಾರ. ಅದನ್ನ ಹೊಗಳ್ತೀಯಲ್ಲ." ಖರೆ ಅದ, ನನಗೂ ಅದು ಸೇರಲಿಲ್ಲ. ಐದು ಮಕ್ಕಳ ಬಟ್ಟಿ ಮಡಚೂದ್ರಾಗಽ ಆ ತಾಯಿ ದಿನಾ ಹೋಗ್ತಿತ್ತು, ನಾ ಕುರುಡಿ ಅಲ್ಲ. ಆದ್ರ ಯಜಮಾನ ಅನಿಸಿಕೊಳ್ಳೋರು ನಮ್ಮಲ್ಲೂ ಇದ್ದಾರ. ಅವ ಯಜಮಾನಕಿ ಜೋಡಿ ಉಪವಾಸನೂ ತಗೊಂಡಾನ, ಸೋಮವಾರನೂ ತಗೊಂಡಾನ.

ನಮ್ಮನಿಯವರಿಗೆ ಹೇಳೀನಿ, ಸೋಮವಾರ ಏಳರಿಂದ ಎಂಟೂವರಿ ತನಕ ಟಿವಿ ಬಂದ್, ಸೊಸಿ ಮಕ್ಕಳು ಎಲ್ಲಾರೂ ಪಡಸಾಲ್ಯಾಗ. ಹೂಂ ಅಂದ್ರು. ಆಮ್ಯಾಲೆ ಸ್ವಲ್ಪ ಹೊತ್ತು ಬಿಟ್ಟು, "ಮಾರ್ಚಿಗೆ ಐಪಿಎಲ್ ಅದಲ್ಲಾ, ಸೋಮವಾರ ಏಳೂವರಿಗೆ ನಮ್ಮ ಬೆಂಗಳೂರಿನ ಮ್ಯಾಚ್ ಬಂದ್ರ?" ಅಂತ ಕೇಳ್ಯಾರ.

ಭಜಿ ಕರಿಯೋ ಬಾಣಲಿ ತಿಕ್ಕಿ ಅಟ್ಟದ ಮ್ಯಾಲೆ ಇಟ್ಟೀನಿ. ವೈನಿ, ಬರೋ ಸೋಮವಾರ ನೀವೂ ಅಣ್ಣಾನ್ನ ಕರಕೊಂಡು ಬರ್ರಿ.