ಐದನೇ ಕ್ಲಾಸಿಗೇ ಜಾಣರನ್ನು ಆರಿಸಬೇಕೆ?

ಪ್ರಶ್ನೆ ಹಳೆಯದು. ಆದರೆ ಒಂದೇ ತರಗತಿಯಲ್ಲಿ ನಾಲ್ಕೈದು ಮನೆಮಾತು ಕೇಳಿಸುವ ನೀಲಗಿರಿಯಲ್ಲಿ ಅದಕ್ಕೆ ಬೇರೆಯದೇ ತೂಕ. ಊಟಿ ಸಮೀಪದ ಹಟ್ಟಿಯೊಂದರ ನಿವೃತ್ತ ಮೇಷ್ಟ್ರು ಒಂದು ಕಡೆ, ಗೂಡಲೂರು ಕಡೆ ಪಾಠ ಹೇಳುವ ಟೀಚರ್ ಇನ್ನೊಂದು ಕಡೆ.

ಪರ: ಹುಡುಕದಿದ್ದರೆ ಕಳೆದುಹೋಗುವುದು ಬಡವರ ಮಕ್ಕಳು

ಮಸಿನಗುಡಿಯಿಂದ ತೆಪ್ಪಕಾಡಿಗೆ ಬಂದು ಬಂಡೀಪುರದ ಕಾಡು ದಾಟಿದರೆ ಗುಂಡ್ಲುಪೇಟೆ. ಕಾಡಿನ ಎರಡೂ ಬದಿಯಲ್ಲಿ ಕನ್ನಡ ಮನೆಮಾತಿನ ಮಕ್ಕಳಿದ್ದಾರೆ. ಆ ಬದಿಯ ಹುಡುಗಿ ಐದನೇ ಕ್ಲಾಸಿನಲ್ಲಿ ಕೇಂದ್ರದ ನವೋದಯ ವಸತಿ ಶಾಲೆಯ ಪರೀಕ್ಷೆಗೆ ಕೂರಬಹುದು. ಪಾಸಾದರೆ ಚಾಮರಾಜನಗರ ಜಿಲ್ಲೆಯ ಹೊಂಡರಬಾಳಿನಲ್ಲಿ ಆರರಿಂದ ಹನ್ನೆರಡರವರೆಗೆ ಓದು, ಊಟ, ವಸತಿ. ಶೇ. 75 ಸೀಟು ಹಳ್ಳಿಯವರಿಗೆ, ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ. ಈ ಬದಿಯ ಹುಡುಗಿಗೆ ಅರ್ಜಿಯೇ ಇಲ್ಲ. 1986ರ ಶಿಕ್ಷಣ ನೀತಿಯಿಂದ ಹುಟ್ಟಿದ ನವೋದಯವನ್ನು ಹಿಂದಿಯ ಕಾರಣಕ್ಕೆ ತಮಿಳುನಾಡು ಬೇಡವೆಂದಿತು. ಆ ಜಗಳದಲ್ಲಿ ಯಾರು ಸರಿ ಎಂದು ಹೇಳಲು ನಾನು ಕೂತಿಲ್ಲ. ನಷ್ಟ ಯಾರಿಗಾಯಿತು ಎಂದಷ್ಟೇ ಕೇಳುತ್ತೇನೆ.

ಉಳ್ಳವರ ಮಕ್ಕಳನ್ನು ಸರ್ಕಾರ ಗುರುತಿಸಬೇಕಾಗಿಲ್ಲ. ಮಗು ಚುರುಕು ಎಂದು ಅಪ್ಪ ಅಮ್ಮನಿಗೆ ಅನ್ನಿಸಿದರೆ ಸಾಕು, ಟ್ಯೂಷನ್, ಚೆಸ್ ಕ್ಲಾಸು, ಕೊನೆಗೆ ದೊಡ್ಡ ಬೋರ್ಡಿಂಗ್ ಶಾಲೆ. ನಮ್ಮ ಲವ್‌ಡೇಲಿನ ಲಾರೆನ್ಸ್ ಶಾಲೆ 1858ರದ್ದು, ಎಲ್ಲೆಲ್ಲಿಂದಲೋ ಮಕ್ಕಳು ಬಂದು ಓದುತ್ತಾರೆ. ಅದೇ ಬೆಟ್ಟದ ಕೆಳಗೆ ತೇಯಿಲೆ ಕೀಳುವ ತಾಯಿಗೆ, ಮಗಳು ಕೇಳುವ ಪ್ರಶ್ನೆ ಅಸಾಧಾರಣದ್ದು ಎಂದು ಯಾರು ಹೇಳಬೇಕು? ಶಾಲೆಯೇ ಹೇಳಬೇಕು.

ರಾಮಾನುಜನ್ ಕತೆ ಎಲ್ಲರಿಗೂ ಗೊತ್ತು, ಆದರೆ ಅರ್ಧ ಮಾತ್ರ. ಕುಂಭಕೋಣದ ಕಾಲೇಜು ಆತನಿಗೆ ಸ್ಕಾಲರ್‌ಶಿಪ್ ಕೊಟ್ಟಿತ್ತು; ಗಣಿತ ಬಿಟ್ಟು ಉಳಿದದ್ದನ್ನು ಓದಲಿಲ್ಲವೆಂದು ಕಿತ್ತುಕೊಂಡಿತು. 1913ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಕಾಗದ ಬರೆಯುವಾಗ ಆತ ಮದರಾಸು ಬಂದರಿನ ಗುಮಾಸ್ತ. ಅದು ಹೇಗೋ ತಲುಪಬೇಕಾದವರ ಕೈಗೆ ತಲುಪಿತು. ತಲುಪದ ಕಾಗದಗಳ ಲೆಕ್ಕ ಇಟ್ಟವರಾರು?

ಗುರುತಿಸುವುದೆಂದರೆ ಒಂದು ದಿನದ ಪರೀಕ್ಷೆ ಎಂದುಕೊಳ್ಳಬೇಡಿ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಅನಿತಾ ಕುರುಪ್ ಅವರ ತಂಡ ಈ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅಲ್ಲಿ ಅಂಕಪಟ್ಟಿಗಿಂತ ದಿನವೂ ಮಗುವನ್ನು ನೋಡುವ ಶಿಕ್ಷಕರ ಕಣ್ಣಿಗೆ ಬೆಲೆ. ಪಾಠ ಬೇಸರವಾಗಿ ತಂಟೆ ಮಾಡುವ, ಕೇಳಿ ಕೇಳಿ ತಲೆ ತಿನ್ನುವ ಮಗುವೂ ಪ್ರತಿಭಾವಂತ ಆಗಿರಬಹುದು. ಪರೀಕ್ಷೆ ಜರಡಿಯಿದ್ದಂತೆ, ತೂತಿನ ಅಳತೆಯೇ ತೀರ್ಮಾನ. ನನಗೆ ಬೇಕಾದದ್ದು ಮೊರ. ಅದರಲ್ಲಿ ಕೇರುವವಳ ಕಣ್ಣೂ ಇರುತ್ತದೆ, ಕೈಯೂ ಇರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಭಾವಂತ ಮಕ್ಕಳ ಶಿಕ್ಷಣವನ್ನು ಬಿ.ಎಡ್.ನಲ್ಲೇ ವಿಶೇಷ ವಿಷಯವಾಗಿ ಕಲಿಸಬಹುದು ಎಂದಿದೆ. ಆ ನೀತಿಯಲ್ಲಿ ನನಗೆ ಹಿಡಿಸದ್ದು ಬಹಳವಿದೆ, ಇದೊಂದು ಹಿಡಿಸಿತು.

ವಿರೋಧ: ಹಾರಿಹೋದದ್ದಕ್ಕೆ ಜೊಳ್ಳು ಅನ್ನುತ್ತಾರೆ

ಮೇಷ್ಟ್ರೇ, ಮೊರದ ಮಾತು ಚೆಂದವಿದೆ. ಆದರೆ ಕೇರಿದ ಮೇಲೆ ಹಾರಿಹೋದದ್ದಕ್ಕೆ ಒಂದು ಹೆಸರಿದೆಯಲ್ಲ, ಜೊಳ್ಳು. ಹತ್ತು ವರ್ಷದ ಮಗುವಿಗೆ ಆ ಹೆಸರಿಡಲು ನನ್ನ ಕೈ ಬರುವುದಿಲ್ಲ. ಒಮ್ಮೆ ಬಂದಿತ್ತು, ಅದನ್ನೇ ಹೇಳುತ್ತೇನೆ.

ನನ್ನ ಕ್ಲಾಸಿನಲ್ಲಿ ಒಬ್ಬ ಪಣಿಯ ಹುಡುಗ ಇದ್ದ. ಆರು ತಿಂಗಳು ಬಾಯಿ ಬಿಡಲಿಲ್ಲ. ನನ್ನ ಪಟ್ಟಿಯಲ್ಲಿ ಅವನ ಹೆಸರಿನೆದುರು 'ಮಂದ' ಎಂದು ಬರೆದವಳು ನಾನೇ. ಒಂದು ಮಳೆಗಾಲದ ಮಧ್ಯಾಹ್ನ ನೋಡುತ್ತೇನೆ, ಹಿಂದಿನ ಬೆಂಚಿನಲ್ಲಿ ಅವನು ನನ್ನ ತಮಿಳು ಪಾಠವನ್ನು ತಮ್ಮನಂಥ ಪುಟ್ಟ ಹುಡುಗನಿಗೆ ಪಣಿಯದಲ್ಲಿ ಹೇಳಿಕೊಡುತ್ತಿದ್ದಾನೆ, ಪಕ್ಕದ ಹುಡುಗಿಗೆ ಮಲಯಾಳದಲ್ಲಿ. ಮೂರು ಭಾಷೆಯ ದುಭಾಷಿ ನನ್ನ ಪಟ್ಟಿಯಲ್ಲಿ ಮಂದ! ಜರಡಿಯಲ್ಲ, ಕಣ್ಣೂ ಕೈಯೂ ಇದ್ದ ಮೊರವೇ ಅವನನ್ನು ಹಾರಿಸಿತ್ತು.

ತಮಿಳುನಾಡಿನಲ್ಲಿ ವಿಶೇಷವಾಗಿ ದುರ್ಬಲವೆಂದು ಪಟ್ಟಿ ಮಾಡಿದ ಆರು ಬುಡಕಟ್ಟುಗಳೂ ನಮ್ಮ ಜಿಲ್ಲೆಯಲ್ಲಿವೆ: ತೋಡ, ಕೋಟ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕ. ಜತೆಗೆ ಬಡಗರು, ಕನ್ನಡದವರು, ಮಲಯಾಳಿಗಳು, 1964ರ ಒಪ್ಪಂದದ ನಂತರ ಸಿಲೋನಿನಿಂದ ಬಂದ ತಮಿಳರು. ತೋಡ ಹೆಂಗಸರು ಪುಟ್ಕುಳಿ ಎಂಬ ಹೊದಿಕೆಯ ಮೇಲೆ ಕಸೂತಿ ಹಾಕುವಾಗ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಕೆಂಪು ಕಪ್ಪು ದಾರ ತೂರಿಸುತ್ತಾರೆ, ಅದೂ ಬಟ್ಟೆಯ ಹಿಂಬದಿಯಿಂದ. ಆ ಲೆಕ್ಕವನ್ನು ಅಮ್ಮನ ಪಕ್ಕ ಕೂತು ಕಲಿತ ಹುಡುಗಿಗೆ ಯಾವ ಪ್ರಶ್ನೆಪತ್ರಿಕೆ ಅಂಕ ಕೊಟ್ಟಿದೆ?

ಬುದ್ಧಿಯ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್ಸಿನಲ್ಲಿ ಬಿನೆ ರಚಿಸಿದ್ದು ಜಾಣರನ್ನು ಆರಿಸಲಿಕ್ಕಲ್ಲ, ಪಾಠದಲ್ಲಿ ಹಿಂದುಳಿದು ಹೆಚ್ಚು ನೆರವು ಬೇಕಾದ ಮಕ್ಕಳನ್ನು ಕಾಣಲಿಕ್ಕೆ. ಅದನ್ನು ತಿರುಗಿಸಿದವರು ಅಮೆರಿಕದವರು. 1921ರಿಂದ ಟರ್ಮನ್ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ ಸಾವಿರದ ಐನೂರು ಚಿಲ್ಲರೆ ಜಾಣ ಮಕ್ಕಳನ್ನು ಆರಿಸಿದ. ಪರೀಕ್ಷೆ ಬರೆದೂ ಆಯ್ಕೆಯಾಗದೆ ಉಳಿದವರಲ್ಲಿ ಶಾಕ್ಲೀ, ಆಲ್ವಾರೆಜ್ ಎಂಬ ಇಬ್ಬರು ಹುಡುಗರಿದ್ದರು. ಮುಂದೆ ಇಬ್ಬರೂ ಭೌತಶಾಸ್ತ್ರದ ನೊಬೆಲ್ ಪಡೆದರು. ಆಯ್ಕೆಯಾದವರಲ್ಲಿ ಒಬ್ಬರಿಗೂ ಅದು ಬರಲಿಲ್ಲ.

ನವೋದಯ ಬೇಡವೆಂದ ನಮ್ಮ ಸರ್ಕಾರ ಆರಿಸುವ ಆಸೆಯನ್ನೇನೂ ಬಿಟ್ಟಿಲ್ಲ. 38 ಜಿಲ್ಲೆಗಳಲ್ಲೂ ಮಾದರಿ ವಸತಿ ಶಾಲೆ ತೆರೆದು ಸರ್ಕಾರಿ ಶಾಲೆಯ ಚುರುಕು ಮಕ್ಕಳನ್ನು ಅಲ್ಲಿಗೆ ಕರೆದುಕೊಳ್ಳುತ್ತಿದೆ. ಹೋದವರಿಗೆ ಒಳ್ಳೆಯದೇ. ಆದರೆ ನಾನು ಬೋರ್ಡಿನ ಕಡೆ ತಿರುಗಿದಾಗ ಪಕ್ಕದವನಿಗೆ ಲೆಕ್ಕ ಹೇಳಿಕೊಡುತ್ತಿದ್ದವಳೂ ಹೋದಳು. ಉಳಿದ ಹದಿನೆಂಟು ಮಕ್ಕಳು ನಾವು ಆರಿಸದೆ ಬಿಟ್ಟವರು ಎಂದುಕೊಂಡು ಮರುದಿನ ಶಾಲೆಗೆ ಬರುತ್ತಾರೆ.

ಆದಿವಾಸಿ ಮಕ್ಕಳ ಕೇಂದ್ರೀಯ ವಸತಿ ಶಾಲೆಗಳಿಗೆ ಏಕಲವ್ಯನ ಹೆಸರಿಟ್ಟಿದ್ದಾರೆ. ಯಾರಿಗೆ ಹೊಳೆಯಿತೋ! ಆ ಹುಡುಗನ ಪ್ರತಿಭೆಯನ್ನು ದ್ರೋಣ ಸರಿಯಾಗಿಯೇ ಗುರುತಿಸಿದ್ದ, ಬೆರಳು ಕೇಳಿದ್ದೂ ಅದಕ್ಕೇ. ಗುರುತಿಸುವವನಿಗೆ ಏನು ಬೇಕಾಗಿದೆ ಎಂದು ನಾನು ಕೇಳುವುದು ಅದರಿಂದಲೇ. ನನ್ನ ಕೇಳಿಕೆ ಚಿಕ್ಕದು. ಜಾಣರಿಗೆಂದು ಇಟ್ಟ ಪುಸ್ತಕ, ಪ್ರಯೋಗದ ಪೆಟ್ಟಿಗೆ, ತಿಳಿದ ಶಿಕ್ಷಕ, ಈ ಮೂರೂ ಶನಿವಾರ ಶನಿವಾರ ನಮ್ಮ ಶಾಲೆಗೇ ಬರಲಿ, ಎಲ್ಲರೂ ಕೂರಲಿ. ಯಾರ ಕಣ್ಣು ಅರಳುತ್ತದೋ ಆಗ ನೋಡೋಣ.

ಮೇಷ್ಟ್ರ ಮರುಮಾತು

ಟೀಚರಮ್ಮಾ, ಆ ಪಣಿಯ ಹುಡುಗನನ್ನು ಕೊನೆಗೆ ಗುರುತಿಸಿದ್ದು ಯಾರು? ನೀವೇ ತಾನೆ? ನನ್ನ ವಾದವೂ ಅಷ್ಟೇ, ಇನ್ನಾರು ತಿಂಗಳು ಮೊದಲು ಆಗಬೇಕಿತ್ತು. ಶನಿವಾರದ ಪೆಟ್ಟಿಗೆಗೆ ನನ್ನ ಒಪ್ಪಿಗೆಯಿದೆ, ಬಸ್ಸಿಗೆ ನಾನೇ ಹೊತ್ತು ಹಾಕುತ್ತೇನೆ. ಆದರೆ ಎಂಟನೇ ಕ್ಲಾಸಿನವರ ಕೇಂದ್ರ ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ಗೆದ್ದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಮ್ಮ ಹಟ್ಟಿಯಲ್ಲಿ ಒಬ್ಬಳಿದ್ದಾಳೆ. ಎಂಟು ಮುಗಿದರೆ ತೋಟದ ಕೆಲಸಕ್ಕೆ ಕಳಿಸುವ ಮಾತು ಮನೆಯಲ್ಲಿ ನಡೆದಿದೆ. ನಿಮ್ಮ ಪೆಟ್ಟಿಗೆ ಬರುವವರೆಗೆ ಅವಳ ಅರ್ಜಿ ನಾನು ತುಂಬಿಸುತ್ತಿರುತ್ತೇನೆ.